ಬ್ರೇಕ್ ಅಕ್ಕನ ಬ್ಯಾಲೆ

ಡ್ರೈವಿಂಗ್ ಶಾಲೆಯಲ್ಲಿ ಎಲ್ಲರೂ ಅವಳನ್ನು ಬ್ರೇಕ್ ಅಕ್ಕ ಎನ್ನುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತುತ್ತ ಒತ್ತುತ್ತಲೇ ಅವಳಿಗೆ ಐವತ್ತು ದಾಟಿತ್ತು. ಮನೆಯ ಸೋಫಾದಲ್ಲಿ ಕೂತಿದ್ದಾಗಲೂ ಎದುರಿಗೆ ಯಾರಾದರೂ ಜೋರಾಗಿ ನಡೆದುಬಂದರೆ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

ಬ್ಯಾಲೆ ಕಲಿಯುವ ಆಸೆ ಅವಳದ್ದಲ್ಲ, ತಂಗಿಯದು. "ದೊಡ್ಡವರಿಗೂ ಕಲಿಸ್ತಾರಂತೆ ಅಕ್ಕ, ಒಬ್ಬಳೇ ಹೋಗೋಕೆ ನಾಚಿಕೆ" ಎಂದು ತಂಗಿ ದುಂಬಾಲು ಬಿದ್ದು ಎಳೆದೊಯ್ದಳು. ಕೆಲವೇ ವಾರಗಳಲ್ಲಿ ಆ ತಂಗಿ ಸೊಂಟ ಹಿಡಿದುಕೊಂಡು ಹಾಸಿಗೆ ಸೇರಿದಳು. ಅಕ್ಕ ತರಗತಿ ಬಿಡಲಿಲ್ಲ. ಈಗ ಬಿಟ್ಟರೆ ಜನ ನಗುತ್ತಾರೆ ಎಂದಳು. ಬಿಡದಿದ್ದರೂ ನಗುತ್ತಾರೆ ಎಂಬುದು ಗಂಡನ ಅಭಿಪ್ರಾಯ. ಆದರೆ ಕನ್ನಡಕದ ಅಂಗಡಿ ನಡೆಸುವ ಆತ ಇಂಥ ಅಭಿಪ್ರಾಯಗಳನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬರುವಷ್ಟು ಜಾಣ.

ತರಗತಿ ನಡೆಯುತ್ತಿದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಂದು ಗೋಡೆಗೆ ಕನ್ನಡಿ, ಇನ್ನೊಂದಕ್ಕೆ ಮರದ ಕಂಬಿ. ಕಲಿಸುವ ತೆಳ್ಳನೆಯ ಹುಡುಗಿ ಮೊದಲ ದಿನವೇ ಹತ್ತಿರ ಬಂದು ನಕ್ಕಿದ್ದಳು.

"ಗುರುತು ಸಿಗಲಿಲ್ವಾ ಮೇಡಂ? ಡ್ರೈವಿಂಗ್ ಕಲಿಯೋವಾಗ ನಿಮ್ಮ ಕಾರನ್ನ ದೀಪದ ಕಂಬಕ್ಕೆ ಗುದ್ದಿದ್ದು ನಾನೇ."

ಅಕ್ಕನಿಗೆ ಥಟ್ಟನೆ ನೆನಪಾಯಿತು. 'ಕೈಗೂ ಕಾಲಿಗೂ ಹೊಂದಾಣಿಕೆ ಅನ್ನೋದೇ ಇಲ್ವಲ್ಲಮ್ಮ ನಿನಗೆ!' ಎಂದು ನಡುರಸ್ತೆಯಲ್ಲಿ ಕೂಗಿದ್ದು ಇದೇ ಹುಡುಗಿಗೆ. ಹುಡುಗಿ ಮಾತ್ರ ಆ ಬೈಗುಳದ ಸುದ್ದಿಯನ್ನೇ ಎತ್ತದೆ, ಅವಳ ಮೊಣಕೈಯನ್ನು ಮೆಲ್ಲಗೆ ಮೇಲೆತ್ತಿ ಸರಿಮಾಡಿದಳು. ಎರಡು ಮಾತು ಬೈದಿದ್ದರೂ ಅಕ್ಕನಿಗೆ ಅದಕ್ಕಿಂತ ಹಗುರವೆನಿಸುತ್ತಿತ್ತು.

ಮೊದಲ ಹಂತ ಮುಗಿಯಿತು. ಅರ್ಧ ಜನ ಜಾಗ ಖಾಲಿ ಮಾಡಿದರು. ಉಳಿದವರಿಗೆ 'ಆರಂಭಿಕರ ಮುಂದುವರಿಕೆ ತರಗತಿ' ಎಂದು ಹುಡುಗಿ ಹೇಳಿದಳು.

"ಮುಂದುವರಿದ ಮೇಲೆ ಅದು ಆರಂಭ ಹೇಗಾಗುತ್ತೆ?" ಎಂದ ಗಂಡ.

"ನನಗೂ ಗೊತ್ತಿಲ್ಲ ಕಣ್ರೀ. ಹೋಗಿ ನೋಡ್ತೀನಿ."

ಹೋದಳು. ಇಲ್ಲಿ ಕಂಬಿಯ ಆಸರೆ ಕಡಿಮೆ. ಕೋಣೆಯ ನಡುವೆ ನಿಂತು ತಿರುಗಬೇಕು, ಸಾಲಾಗಿ ಎದುರುಬದುರು ಹಾಯಬೇಕು. ಎದುರಿನಿಂದ ಯಾರೇ ತೇಲಿಬಂದರೂ ಅಕ್ಕನ ಬಲಗಾಲು ಧಡ್ಡೆಂದು ನೆಲಕ್ಕೆ ಬೀಳುತ್ತಿತ್ತು.

"ಇಲ್ಲಿ ಯಾರೂ ಗುದ್ದಲ್ಲ ಮೇಡಂ" ಎಂದಳು ಹುಡುಗಿ.

"ಆ ಮಾತನ್ನ ನೀನು ಹೇಳ್ತಿದ್ದೀಯಲ್ಲಮ್ಮ, ಅದಕ್ಕೇ ಭಯ!"

ಹುಡುಗಿ ನಕ್ಕು ನಕ್ಕು ನೆಲದ ಮೇಲೆಯೇ ಕೂತುಬಿಟ್ಟಳು. ಆ ದಿನದಿಂದ ಇಬ್ಬರ ನಡುವಿನ ಬಿಗುಮಾನ ಸಡಿಲವಾಯಿತು. ಅಕ್ಕ ಅಡುಗೆಮನೆಯ ಕಟ್ಟೆ ಹಿಡಿದು ಅಭ್ಯಾಸಕ್ಕೆ ಇಳಿದಳು. ಹಾಲು ಉಕ್ಕಿದ್ದೂ ಉಂಟು, ಗಂಡ ತೆಪ್ಪಗೆ ಒರೆಸಿದ್ದೂ ಉಂಟು.

ಕೊನೆಯ ತರಗತಿಗೆ ಮನೆಯವರನ್ನೂ ಕರೆದಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಂಡ, ಪಕ್ಕದಲ್ಲಿ ಸೊಂಟಕ್ಕೆ ದಿಂಬು ಕೊಟ್ಟುಕೊಂಡ ತಂಗಿ. ಸಂಗೀತ ಶುರುವಾಯಿತು. ಎಡಕ್ಕೆ ತಿರುಗಬೇಕಾದ ಕಡೆ ಅಕ್ಕ ಬಲಕ್ಕೆ ತಿರುಗಿದಳು. ತಿರುಗಿದ್ದು ಎಂಥ ಗತ್ತಿನಲ್ಲೆಂದರೆ, ಹಿಂದಿನ ಸಾಲಿಗೆ ಸಾಲೇ ಗಾಬರಿಯಾಗಿ ಅವಳ ಹಿಂದೆ ಬಲಕ್ಕೆ ಹೊರಟಿತು. ಕಲಿಸಿದ ಹುಡುಗಿಯೂ ಅರೆಗಳಿಗೆ ತಬ್ಬಿಬ್ಬಾದಳು.

ಮನೆಗೆ ಮರಳುವಾಗ ಕಾರಿನಲ್ಲಿ ಗಂಡ, "ಎಡಕ್ಕೆ ಹೊರಟವರೇ ತಪ್ಪು ಮಾಡಿದ್ರು ಅಂದ್ಕೊಂಡೆ, ಪಾಪ" ಎಂದ.

ಓಡಿಸುತ್ತಿದ್ದ ಅಕ್ಕ ಗೇರ್ ಬದಲಿಸಿದಳು. ಆಮೇಲೆ ಹೇಳಿದಳು: "ತಪ್ಪು ಅಂತ ಗೊತ್ತಾಗೋಕೆ ಮುಂಚೆ ಒಂದು ಕ್ಷಣ ಮೈಯೆಲ್ಲ ಎಷ್ಟು ಹಗುರ ಆಗಿತ್ತು ಗೊತ್ತಾ ನಿಮಗೆ?"



ಉಳಿದವರು ಮೇಲಿನ ತರಗತಿಗೆ ಹೋದರು. ಅಕ್ಕ ಅದೇ ಮುಂದುವರಿಕೆ ತರಗತಿಗೆ ಮತ್ತೆ ಸೇರಿದಳು. "ನನ್ನ ನೋಡ್ಕೊಂಡು ತಿರುಗಬೇಡಿ, ಆ ಹುಡುಗೀನ ನೋಡಿ" ಎಂದು ಹೊಸಬರಿಗೆ ಮೊದಲೇ ಎಚ್ಚರಿಸುತ್ತಾಳೆ. ಅವರು ತಲೆಯಾಡಿಸುತ್ತಾರೆ, ಆಮೇಲೆ ಅವಳ ಬೆನ್ನ ಹಿಂದೆಯೇ ಸಾಲಾಗಿ ನಿಲ್ಲುತ್ತಾರೆ.