ಗಾಜಿನಲ್ಲಿ ಕಂಡ ಮುರಿದ ಕೈ

ಜೆಸಿಂತಾ ಕುಟಿನ್ಹೊ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹದಿನೇಳು ವರ್ಷ ಎಕ್ಸ್-ರೇ ತೆಗೆದವಳು. ಗಂಡ ಜೋಸೆಫನ ಕೆಲಸಕ್ಕಾಗಿ ಜರ್ಮನಿಯ ಡ್ರೆಸ್ಡೆನ್ನಿಗೆ ಬಂದಾಗ ಅವಳ ಸರ್ಟಿಫಿಕೇಟು ಇಲ್ಲಿ ನಡೆಯಲಿಲ್ಲ. ಕೊನೆಗೆ ಸಣ್ಣ ಮ್ಯೂಸಿಯಮ್ಮೊಂದರಲ್ಲಿ ಹಳೆಯ ಗಾಜಿನ ನೆಗೆಟಿವ್‌ಗಳ ಧೂಳು ಒರೆಸಿ ಸ್ಕ್ಯಾನ್ ಮಾಡುವ ಕೆಲಸ ಸಿಕ್ಕಿತು.

ಹೆಚ್ಚಿನವು ಈಜಿಪ್ಟಿನ ಮಮ್ಮಿಗಳ ಚಿತ್ರಗಳು. ಬಟ್ಟೆಪಟ್ಟಿ ಸುತ್ತಿದ ಶವ ಮೇಜಿನ ಮೇಲೆ, ಪಕ್ಕದಲ್ಲಿ ಮೀಸೆ ತಿರುವಿದ ಪ್ರೊಫೆಸರುಗಳು. ಜೆಸಿಂತಾಳಿಗೆ ಅವುಗಳಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ.

ಮಾರ್ಚಿನ ಒಂದು ದಿನ, '೧೮೯೭, ಕೆಟ್ಟಿದೆ' ಎಂದು ಬರೆದಿದ್ದ ಲಕೋಟೆಯಿಂದ ಒಂದು ಗಾಜು ಹೊರಬಂತು. ಬೆಳಕಿಗೆ ಹಿಡಿದವಳು ಹಾಗೆಯೇ ನಿಂತುಬಿಟ್ಟಳು. ಅದು ಕೆಟ್ಟ ಫೋಟೊ ಅಲ್ಲ, ಎಕ್ಸ್-ರೇ. ಆಗ ಎಕ್ಸ್-ರೇ ಕಂಡುಹಿಡಿದು ಎರಡು ವರ್ಷವಾಗಿತ್ತಷ್ಟೆ. ಮುಂಗೈಯ ಎರಡು ಎಲುಬು, ನಡುವೆ ಮುರಿತ, ಇಕ್ಕೆಲದಲ್ಲೂ ಮಾಸಲು ಗೆರೆ.

"ಆ ಗೆರೆಗಳು ಬಟ್ಟೆಯ ಮಡಿಕೆ ಇರಬೇಕು" ಎಂದರು ವಿಭಾಗದ ಮುಖ್ಯಸ್ಥರು.

ಜೆಸಿಂತಾ ಒಪ್ಪಲಿಲ್ಲ. ಮೂವತ್ತು ವರ್ಷಗಳಿಂದ ಇಲ್ಲೇ ಎಕ್ಸ್-ರೇ ವೈದ್ಯೆಯಾಗಿರುವ ಉಡುಪಿಯ ವೈದೇಹಿಯವರಿಗೆ ತೋರಿಸಿದಳು.

"ಎಲುಬು ಕೂಡಿದ ಗುರುತೇ ಇಲ್ಲ ಅಕ್ಕ. ಸಾಯುವಾಗಲೋ ಸತ್ತ ಮೇಲೋ ಮುರಿದದ್ದು. ಆದ್ರೆ ಎರಡು ಬದಿಗೂ ಕಡ್ಡಿ ಕಟ್ಟಿದ ಹಾಗೆ ಕಾಣ್ತದೆ."

"ಸತ್ತವರಿಗೆ ಕಡ್ಡಿ ಎಂತಕ್ಕೆ ಮಾರಾಯ್ತಿ?"

"ಉಪ್ಪಲ್ಲಿ ಒಣಗಿಸಿ ಬಟ್ಟೆ ಸುತ್ತುವವರು ಕಟ್ಟಿರ್ಬೇಕು. ಮೈ ಪೂರ್ತಿ ಇದ್ರೇ ಮುಂದಿನ ಲೋಕ ಅಂತ ಅವರ ನಂಬಿಕೆ ಅಲ್ವಾ?"

ವೈದೇಹಿ ಚಿತ್ರವನ್ನು ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು. "ನೀನು ಹೇಳಿದ್ದು ಸರಿ ಉಂಟು. ಆ ಮಮ್ಮಿ ಈಗ ಎಲ್ಲಿ?"

"ಲಕೋಟೆಯ ಹಿಂದೆ ಅದರ ನಂಬರು ಇತ್ತು. ನಮ್ಮಲ್ಲೇ ಉಂಟು. ಕೆಳಗಿನ ಕಪಾಟಿನಲ್ಲಿ."

ವೈದೇಹಿ ಮ್ಯೂಸಿಯಮ್ಮಿಗೆ ಪತ್ರ ಬರೆದರು. ಜೂನಿನಲ್ಲಿ ಅವರ ಆಸ್ಪತ್ರೆಯಲ್ಲೇ ಮಮ್ಮಿಯ ಸಿಟಿ ಸ್ಕ್ಯಾನ್ ಆಯಿತು. ಸುಮಾರು ಹದಿನಾಲ್ಕು ವರ್ಷದ ಹುಡುಗಿ. ಮುರಿದ ಕೈಯನ್ನು ನೆಟ್ಟಗೆ ಮಾಡಿ, ಎರಡು ಕಡ್ಡಿಗಳ ನಡುವೆ ಇಟ್ಟು, ಪಟ್ಟಿಯಿಂದ ಬಿಗಿದಿದ್ದರು. ಪಟ್ಟಿ ಏಳು ಸುತ್ತು ಇತ್ತು. ಜೆಸಿಂತಾ ಪರದೆಯ ಮೇಲೆ ಎಣಿಸಿದಳು. ಅದನ್ನು ಕಟ್ಟಿದವನಿಗೆ ಕೆಲಸ ಗೊತ್ತಿತ್ತು ಅನ್ನಿಸಿತು.

ಮುಖ್ಯಸ್ಥರು ತಮ್ಮದು ತಪ್ಪಾಯಿತೆಂದು ಎಲ್ಲರೆದುರೇ ಹೇಳಿದರು. ಸ್ಕ್ಯಾನಿನ ವರದಿ ಬರೆದವರ ಪಟ್ಟಿಯಲ್ಲಿ ಜೆಸಿಂತಾಳ ಹೆಸರು ಮೂರನೆಯದಾಗಿ ಬಂತು.

ಹುಡುಗಿಯನ್ನು ಕಪಾಟಿಗೆ ಮರಳಿಸುವ ದಿನ ಆ ಕೈಯಡಿ ಇಡಲು ಜೆಸಿಂತಾಳೇ ಫೋಮ್ ಕತ್ತರಿಸಿದಳು. ಮೊದಲನೆಯದು ದಪ್ಪವಾಯಿತು. ಎರಡನೆಯದು ಸರಿಹೊಂದಿತು.