ಇಲ್ಕೊ ಭಾವನ ಎರಡನೇ ಗುಂಡಿ

ಇಲ್ಕೊ ನನ್ನ ಅಕ್ಕ ಹಾಫಿಯಾಳ ಗಂಡ. ಹಾಗಾಗಿ ಅವನನ್ನು ಆಡಿಕೊಳ್ಳೋ ಹಕ್ಕು ಊರಿನ ಉಳಿದವರಿಗಿಂತ ನನಗೆ ಒಂದು ಕೈ ಜಾಸ್ತಿ. ಕಾರ್ಪಾಥಿಯನ್ ಬೆಟ್ಟದ ನಮ್ಮ ಮಗ್ಗುಲಲ್ಲಿ ಮರ ಕಡಿಯೋರು ಬೇಕಾದಷ್ಟು ಜನ ಇದ್ದಾರೆ. ಮರಕ್ಕೆ ಟೇಪು ಸುತ್ತಿ, ಸೊಂಟದ ಅಳತೆ ಬರೆಸಿ, "ಹತ್ತು ವರ್ಷ ಬಿಟ್ಟು ಬರ್ತೀನಿ, ಹುಷಾರಾಗಿರು" ಅಂತ ಅದರ ಬೆನ್ನು ತಟ್ಟಿ ಬರೋನು ಇವನೊಬ್ಬನೇ. ಊರವರು ಅವನಿಗಿಟ್ಟ ಹೆಸರು ಕಾಡಿನ ದರ್ಜಿ. ಅದನ್ನ ಅವನು ಬಿರುದು ಅಂತಲೇ ತಿಳಿದಿದ್ದ.

ನಮ್ಮ ಮೇಲಿನ ಕಾಡಿಗೆ ಇವತ್ತಿನವರೆಗೂ ಕೊಡಲಿ ಬಿದ್ದಿಲ್ಲ. ಬೀಚ್ ಮರ ಬಿಟ್ಟರೆ ಅಲ್ಲಿ ಇನ್ನೊಂದು ಜಾತಿ ಕಾಣಬೇಕಾದರೆ ಹುಡುಕಬೇಕು. ಬಿದ್ದದ್ದು ಬಿದ್ದಲ್ಲೇ ಕೊಳೆಯುತ್ತೆ, ಸತ್ತದ್ದು ಎಷ್ಟೋ ವರ್ಷ ನಿಂತಲ್ಲೇ ನಿಂತಿರುತ್ತೆ, ಸಂದಿಯಲ್ಲಿ ಬೆಳಕು ಬಿದ್ದ ಕಡೆ ಮರಿಗಳು ನಾ ಮುಂದು ತಾ ಮುಂದು ಅಂತ ಏಳುತ್ತವೆ. ಎರಡು ಸಾವಿರದ ಇಸವಿಯಲ್ಲಿ ಲ್ವಿವ್‌ನಿಂದ ಒಬ್ಬರು ವಯಸ್ಸಾದ ಪ್ರೊಫೆಸರು ಬಂದು, ಅಲ್ಲಿ ಹತ್ತು ಹೆಕ್ಟೇರು ಗುರುತು ಮಾಡಿ, ಪ್ರತಿ ಮರದ ಬುಡಕ್ಕೂ ನಂಬರಿನ ತಗಡು ಹೊಡೆಸಿದರು. ಯಾರೂ ಕೈ ಹಾಕದ ಕಾಡು ಹೇಗೆ ಬಾಳುತ್ತೆ, ಹತ್ತು ವರ್ಷಕ್ಕೆ ಎಷ್ಟು ಬೆಳೆಯುತ್ತೆ, ಎಷ್ಟು ಸಾಯುತ್ತೆ ಅನ್ನೋದು ಅವರಿಗೆ ಬೇಕಿತ್ತು. ನೆಲದಿಂದ ಸರಿಯಾಗಿ ಒಂದು ಮೀಟರು ಮೂವತ್ತು ಸೆಂಟಿಮೀಟರು ಎತ್ತರದಲ್ಲಿ ಟೇಪು ಸುತ್ತಬೇಕು ಅಂತ ನನಗೂ ಭಾವನಿಗೂ ಹೇಳಿದರು. ಕೆಳಗೆ ಇಳಿದಷ್ಟೂ ಮರ ದಪ್ಪ ಅಲ್ಲವೇ. ಎತ್ತರ ತಪ್ಪಬಾರದು ಅಂತ ಒಂದು ಕೋಲೂ ಕೊಟ್ಟರು.

ಕೋಲು ಕೊಟ್ಟಿದ್ದು ನಮಗೆ ಸ್ವಲ್ಪ ಚುಚ್ಚಿತು ಅನ್ನಿ. ನಮ್ಮ ಅಮ್ಮ ಬಟ್ಟೆ ಅಳೀತಿದ್ದದ್ದು ಮೊಳದಲ್ಲಿ, ಅಪ್ಪ ಬೇಲಿ ಅಳೀತಿದ್ದದ್ದು ಹೆಜ್ಜೆಯಲ್ಲಿ, ಹುಲ್ಲಿನ ಮೆದೆ ಎದೆಮಟ್ಟ ಬಂತಾ ಅಂತ ಕೇಳೋದು ಇವತ್ತಿಗೂ ನಮ್ಮಲ್ಲಿ ರೂಢಿ. ಮೈ ಇರೋವಾಗ ಕೋಲು ಯಾಕೆ? ಭಾವ ಹೋಗಿ ಕೋಲಿನ ಪಕ್ಕ ಸೆಟೆದು ನಿಂತ. ಅದರ ತುದಿ ಅವನ ಕೋಟಿನ ಎರಡನೇ ಗುಂಡಿಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಬಂತು. ಪ್ರೊಫೆಸರೂ ಬಗ್ಗಿ ನೋಡಿ ನಕ್ಕರು. ಅವರು ಬಸ್ಸು ಹತ್ತಿದ್ದೇ ತಡ, ಕೋಲು ನಮ್ಮ ಮನೆ ಒಲೆ ಮೇಲೆ ಒದ್ದೆ ಕಾಲುಚೀಲ ಒಣಹಾಕೋ ಗಳುವಾಯಿತು. ಭಾವ ಮರಕ್ಕೆ ಎದೆ ಕೊಟ್ಟು ನಿಲ್ಲೋದು, ಗುಂಡಿ ತಾಗಿದ ಕಡೆ ಟೇಪು ಸುತ್ತೋದು, ಕೂಗೋದು. ನಾನು ಬರೆಯೋದು. ಎರಡು ಸಾವಿರದ ಮುನ್ನೂರು ಚಿಲ್ಲರೆ ಮರ ಹಾಗೇ ಮುಗಿಸಿದೆವು.

ಹತ್ತು ವರ್ಷ ಕಳೀತು. ಪ್ರೊಫೆಸರು ಕೆಲಸದಿಂದ ನಿವೃತ್ತರಾಗಿದ್ದರು, ಅವರ ಶಿಷ್ಯೆ ಯಾರಿನಾ ಬಂದಳು. ಚುರುಕು ಹುಡುಗಿ, ಕಾಲಿಗೆ ಚಕ್ರ. ಬಿದ್ದ ಮರ, ಮರಿ ಗಿಡಗಳ ಲೆಕ್ಕ ತನಗೆ, ಟೇಪು ನಿಮಗೆ ಅಂದಳು. ಭಾವನಿಗೆ ಆಗ ಎಪ್ಪತ್ತೊಂದು. ಅದೇ ಕೋಟು, ಅದೇ ಗುಂಡಿ, ಅದೇ ಗತ್ತು. ಎಲೆ ಉದುರೋ ಹೊತ್ತಿಗೆ ಅಳತೆ ಮುಗಿಸಿ ಪುಸ್ತಕ ಅವಳ ಕೈಗಿಟ್ಟೆವು. ಇಡೀ ಚಳಿಗಾಲ ಭಾವ ಸಿಕ್ಕಸಿಕ್ಕವರಿಗೆಲ್ಲ ಕಾಡು ಭರ್ಜರಿ ದಪ್ಪಗಾಗಿದೆ ಅಂತ ಹೇಳಿಕೊಂಡು ತಿರುಗಿದ.

ಮಾರ್ಚಿನಲ್ಲಿ, ಹಿಮ ಇನ್ನೂ ಮೊಣಕಾಲುದ್ದ ಇರೋವಾಗಲೇ ಯಾರಿನಾ ಬಂದಿಳಿದಳು. ಅಕ್ಕ ಕೆನೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನ ಬಾನುಷ್ ಬಡಿಸಿ, ಮೇಲೆ ಕುರಿಹಾಲಿನ ಚೀಸು ಉದುರಿಸಿ ಮುಂದಿಟ್ಟಳು. ಹುಡುಗಿ ಚಮಚ ಮುಟ್ಟಲಿಲ್ಲ. ಕಾಡು ಬೆಳೆದಿರೋದು ವಿಪರೀತ ಅನ್ನಿಸಿತಂತೆ. ಹೋಗಲಿ, ಒಳ್ಳೆ ಮಳೆ ಬಂದಿರಬಹುದು ಅಂದುಕೊಂಡಳಂತೆ. ಆದರೆ ಎರಡು ಸಾವಿರದಲ್ಲೇ ಸತ್ತು ನಿಂತಿದ್ದ ಮರಗಳಲ್ಲಿ ಏಳು ಇನ್ನೂ ತೊಗಟೆ ಸಮೇತ ನಿಂತಿವೆ. ಪುಸ್ತಕದ ಪ್ರಕಾರ ಆ ಏಳೂ ದಪ್ಪಗಾಗಿವೆ.

"ಸತ್ತ ಮರ ಹೇಗೆ ಮಾಮ ದಪ್ಪಗಾಗುತ್ತೆ?" ಅಂದಳು.

ನಾನು ಟೇಪು ಸರಿ ಇರಲಿಲ್ಲ ಅಂದೆ. ಭಾವನೂ ಹೌದೌದು, ಟೇಪು ಹಳೇದು ಅಂದ. ಟೇಪನ್ನ ಪರೀಕ್ಷೆ ಮಾಡಿಸಿಯೇ ಬಂದಿದ್ದೀನಿ, ಅದು ಸರಿಯಾಗೇ ಇದೆ ಅಂದಳು ಹುಡುಗಿ. ಕಾರಣ ಸಿಗದಿದ್ದರೆ ಈ ಅಳತೆ ಮಾತ್ರ ಅಲ್ಲ, ಹಳೇದನ್ನೂ ಯಾರೂ ನಂಬೋದಿಲ್ಲ. ಎರಡು ಪುಸ್ತಕವನ್ನೂ ಪಕ್ಕಕ್ಕೆ ಎತ್ತಿಟ್ಟು ಮೊದಲಿಂದ ಶುರು ಮಾಡಬೇಕು ಅಂದಳು. ಮೊದಲಿಂದ ಅಂದರೆ ಇನ್ನೂ ಹತ್ತು ವರ್ಷ. ಭಾವನ ಮುಖ ಸುಣ್ಣ ಬಳಿದಂಗಾಯಿತು. ಅವನ ಜೀವಮಾನದಲ್ಲಿ ಹೆಸರು ಅಂತ ಸಂಪಾದಿಸಿದ್ದು ಅದೊಂದೇ, ಅವನ ಅಳತೆ ತಪ್ಪೋದಿಲ್ಲ ಅನ್ನೋದು.

ಆಗ ಒಲೆ ಹತ್ತಿರದಿಂದ ಅಕ್ಕ, ತಿರುಗಿಯೂ ನೋಡದೆ ಹೇಳಿದಳು: "ಅಲ್ರೀ, ಮೂರು ವರ್ಷದಿಂದ ನಿಮ್ಮ ಪ್ಯಾಂಟುಗಳ ಅಂಚೆಲ್ಲ ಒಳಗೆ ಮಡಚಿ ಹೊಲೀತಾ ಇದ್ದೀನಿ. ಯಾಕೆ ಅಂತ ಒಂದು ದಿನವಾದರೂ ಕೇಳಿದ್ರಾ?"

 ಭಾವ ಒಲೆ ಮೇಲಿಂದ ಹಳೇ ಕೋಲು ಇಳಿಸಿ, ಅದಕ್ಕೆ ನೇತಾಡುತ್ತಿದ್ದ ನನ್ನ ಕಾಲುಚೀಲ ಬಿಸಾಕಿ, ಪಕ್ಕದಲ್ಲಿ ನಿಂತ. ಗುಂಡಿ ಕೋಲಿನ ತುದಿಗಿಂತ ನಾಲ್ಕು ಬೆರಳು ಕೆಳಗಿತ್ತು, ಅಂದರೆ ಟೇಪು ಬಿದ್ದದ್ದೂ ಅಷ್ಟೇ ಕೆಳಗೆ, ಮರ ದಪ್ಪಗಿರೋ ಕಡೆ. ಎದೆ ಉಬ್ಬಿಸಿದ, ಹಿಮ್ಮಡಿ ಎತ್ತಿದ. ಮನುಷ್ಯ ಎಷ್ಟು ಅಂತ ಎತ್ತುತ್ತಾನೆ? ನನಗೆ ನೋಡೋಕೇ ಆಗಲಿಲ್ಲ. ಹತ್ತು ವರ್ಷ ಜೊತೆಗೇ ಓಡಾಡಿದೀನಿ, ಭಾವ ಬಗ್ಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಗೊಣಗಬಹುದು, ಎದ್ದು ಹೋಗಬಹುದು ಅಂದುಕೊಂಡಿದ್ದೆ. ಅವನು ಬೆಂಚಿನ ಮೇಲೆ ಕೂತು, ಕೋಲಿನ ಮೇಲೆ ಕಾಲುಚೀಲ ಒಣಹಾಕಿದ ಕಥೆಯಿಂದ ಹಿಡಿದು ಎಲ್ಲಾ ಹುಡುಗಿಗೆ ಒಪ್ಪಿಸಿದ. ಟೇಪಿನದೇನೂ ತಪ್ಪಿಲ್ಲಮ್ಮ, ನಂದೇ ಅಂದ. ಯಾರಿನಾ ಬೈಯಲಿಲ್ಲ. ಆದರೆ ಎರಡು ಸಾವಿರದಲ್ಲಿ ಗುಂಡಿ ಕೊನೇವರೆಗೂ ಸರಿಯಾಗೇ ಇತ್ತು ಅನ್ನೋದಕ್ಕೆ ಸಾಕ್ಷಿ ಏನು ಅಂತ ಕೇಳಿದಳು. ಪ್ರೊಫೆಸರು ನೋಡಿದ್ದು ಒಂದೇ ದಿನ.

ಭಾವ ಗಡ್ಡ ಕೆರೆದುಕೊಂಡ. "ಸತ್ತಿರೋರನ್ನೇ ಕೇಳೋಣ," ಅಂದ. "ಅವು ಬೆಳೆಯೋದೂ ಇಲ್ಲ, ನನ್ನ ಮುಲಾಜೂ ಇಲ್ಲ."

ಮಾರನೇ ಬೆಳಿಗ್ಗೆ ಮೂವರೂ ಹಿಮ ತುಳಿದುಕೊಂಡು ಹತ್ತಿದೆವು. ಏಳು ಸತ್ತ ಮರದ ಬುಡದಲ್ಲೂ ಹಿಮ ಕೆದಕಿ ನೆಲ ಕಾಣಿಸಿ, ಕೋಲು ನಿಲ್ಲಿಸಿ, ಭಾವ ಟೇಪು ಸುತ್ತಿದ. ಹಳೇ ಪುಸ್ತಕ ಹುಡುಗಿಯ ಕೈಲಿತ್ತು, ನಮಗೆ ತೋರಿಸಲಿಲ್ಲ. ಭಾವ ಅಂಕಿ ಕೂಗುತ್ತಾನೆ, ಅವಳು ಪುಟದ ಮೇಲೆ ಬೆರಳಿಡುತ್ತಾಳೆ, ಬಾಯಿ ಬಿಡೋದಿಲ್ಲ.  ಏಳನೇದು ಮುಗಿದ ಮೇಲೆ ಪುಸ್ತಕ ನಮ್ಮ ಕಡೆ ತಿರುಗಿಸಿದಳು. ಏಳಕ್ಕೆ ಏಳೂ ಹತ್ತು ವರ್ಷದ ಹಿಂದೆ ಎಷ್ಟಿದ್ದವೋ ಅಷ್ಟೇ. ಹಳೇ ಪುಸ್ತಕ ಉಳಿಯಿತು. ಭಾವ ಆ ಸತ್ತ ಮರಕ್ಕೆ ಒರಗಿ ಟೋಪಿ ತೆಗೆದು ಮುಖ ಒರೆಸಿಕೊಂಡ. ಅಳುತ್ತಿದ್ದ, ನಾನ್ಯಾಕೆ ಮುಚ್ಚಿಡಲಿ.

ಇನ್ನು ಹೊಸದು. ಚಳಿಗಾಲದಲ್ಲಿ ಮರ ಬೆಳೆಯೋದಿಲ್ಲ, ಚಿಗುರು ಒಡೆಯೋಕೆ ಮುಂಚೆ ಅಳೆದರೆ ಹೋದ ಶರತ್ಕಾಲದ ಅಳತೆಯೇ ಸಿಗುತ್ತೆ. ಆರು ವಾರ ಇತ್ತು. ನಿಂತಿದ್ದ ಮರಗಳನ್ನೆಲ್ಲ ಮತ್ತೆ ಸುತ್ತಿದೆವು, ಈ ಸಲ ಕೋಲು ಹಿಡಿದು. ಊರವರು ದರ್ಜಿ ಹಳೇ ಬಟ್ಟೆ ಬಿಚ್ಚಿ ಹೊಲೀತಿದಾನೆ ಅಂತ ನಕ್ಕರು. ಭಾವ ಅವರ ಜೊತೆ ತಾನೂ ನಕ್ಕ. ಕೊನೇ ಮರ ಮುಗಿಸಿದ ವಾರವೇ ಕೆಳಗಿನ ಇಳಿಜಾರು ಹಸಿರಾಯಿತು.

ಜೂನಿನಲ್ಲಿ ಯಾರಿನಾ ಉತ್ತರ ತಗೊಂಡು ಬಂದಳು. ಅಂಗಳದ ಬೆಂಚಿನ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ನಿಧಾನಕ್ಕೆ ಹೇಳಿದಳು. ಹತ್ತು ವರ್ಷದಲ್ಲಿ ದೊಡ್ಡ ಮರಗಳು ಇಷ್ಟು ಬಿದ್ದಿವೆ, ಮರಿಗಳು ಇಷ್ಟು ಎದ್ದಿವೆ, ನಿಂತವು ಇಷ್ಟಿಷ್ಟು ತುಂಬಿಕೊಂಡಿವೆ. ಹೋದದ್ದು, ಬಂದದ್ದು ಎಲ್ಲಾ ಕೂಡಿ ಕಳೆದರೆ, ಅಲ್ಲಿರೋ ಮರದ ಒಟ್ಟು ಮೊತ್ತ ಎರಡು ಸಾವಿರದಲ್ಲಿ ಇದ್ದಷ್ಟೇ.

ಭಾವ ಬೆಟ್ಟದ ಕಡೆ ನೋಡಿದ. ಆಮೇಲೆ ಹುಡುಗಿ ಕಡೆ.

"ಹಾಗಾದ್ರೆ ಕುಗ್ಗಿದ್ದು ನಾನೊಬ್ಬನೇ ಅನ್ನು," ಅಂದ.

ಹೇಳಿದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಯಾರಿನಾ ನಕ್ಕಳು, ಬಾಗಿಲಲ್ಲಿ ನಿಂತಿದ್ದ ಅಕ್ಕನೂ ನಕ್ಕಳು. ನಾನು ನಗೋಕೆ ಸ್ವಲ್ಪ ಹೊತ್ತು ಬೇಕಾಯಿತು.