ನಮೂನೆಯಲ್ಲಿ ಇಲ್ಲದ ಕೆಲಸ

ಹಿರೋಳ್ಳಿ ಕಡೆಯ ಒಂದು ಊರಿನ ಸರಕಾರಿ ಶಾಲೆಯಲ್ಲಿ ಗೌಸಿಯಾಬೇಗಂ ಬಿಸಿಯೂಟದ ಅಡುಗೆ ಮಾಡುತ್ತಾಳೆ. ವಯಸ್ಸು ನಲವತ್ತಾರು. ಇದೇ ಶಾಲೆಯಲ್ಲಿ ಅವಳು ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ತಮ್ಮ ಶರಫುದ್ದೀನ ಹುಟ್ಟಿದ, ತಾಯಿ ಕೂಲಿಗೆ ಹೋದಳು, ಕೂಸು ಇವಳ ಬಗಲಿಗೆ ಬಂತು. ಆ ತಮ್ಮ ಈಗ ಆಳಂದದಲ್ಲಿ ಸರಕಾರಿ ಗುಮಾಸ್ತ. ಇವಳ ಹೆಸರು ಹಾಜರಿ ಪುಸ್ತಕದಿಂದ ಯಾಕೆ ಹೋಯಿತೆಂದು ಯಾರೂ ಕೇಳಲಿಲ್ಲ.

ಹೋದ ವರ್ಷ ತೊಗರಿ ಕೊಯ್ಲಿನ ಕಾಲಕ್ಕೆ ಐದನೆಯ ತರಗತಿಯ ಮನೀಷಾ ಊಟದ ಸಾಲಿನಲ್ಲಿ ಕಾಣದಾದಳು. ಮೂರು ವಾರ ನೋಡಿ ಗೌಸಿಯಾಬೇಗಂ ಅವಳ ಮನೆಗೆ ಹೋದಳು. ಹನ್ನೊಂದರ ಹುಡುಗಿ ಎಳೆಯ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆ. ಅವ್ವ ಬಸವೇಶ್ವರಿ ಕೂಲಿಗೆ ಹೋಗಿದ್ದಳು. ಅಣ್ಣ ಶಾಲೆಗೆ ಹೋಗಿದ್ದ.

ಅದೇ ವಾರ ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಗುರುಲಿಂಗ ಎಂಬ ನೌಕರ ಬಂದ. ಮೊದಲು ಮಕ್ಕಳನ್ನು ಕೂಡಿಸಿ ಭಾಷಣ ಮಾಡಿದ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳೂ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸಹಿ ಹಾಕಿವೆ, ನಮ್ಮ ದೇಶವೂ ಒಪ್ಪಿದೆ, ಓದುವುದು, ಆಡುವುದು, ದಣಿವಾರಿಸಿಕೊಳ್ಳುವುದು ಪ್ರತಿ ಮಗುವಿನ ಹಕ್ಕು ಎಂದ. ಬಳಿಕ ನಮೂನೆ ತುಂಬುತ್ತ ಮನೀಷಾಳ ಹೆಸರಿನ ಮುಂದೆ 'ಮನೆಯಲ್ಲಿದ್ದಾಳೆ, ದುಡಿಯುವುದಿಲ್ಲ' ಎಂದು ಬರೆದ.

ಗೌಸಿಯಾಬೇಗಂ ಸೌಟು ಇಟ್ಟು ಬಂದಳು. "ದುಡಿಯಂಗಿಲ್ಲ ಅಂತ ಯಾಕ ಬರದ್ರಿ ಸರ್?"

"ಕೂಲಿಗಿ ಹೋಗಂಗಿಲ್ಲಲ್ಲಮ್ಮಾ. ಮನಿ ಕೆಲಸ ಎಲ್ಲಾ ಹೆಣ್ಮಕ್ಳೂ ಮಾಡ್ತಾರ. ಅದಕ್ಕ ಇದ್ರಾಗ ಕಾಲಂ ಇಲ್ಲ."

"ಅಡಗಿ ಮಾಡಿದ್ದಕ್ಕ ನನಗ ಸರಕಾರ ಪಗಾರ ಕೊಡ್ತದ. ಅಕಿ ಮಾಡಿದ್ರ ಕೆಲಸ ಅಲ್ಲೇನ್ರಿ? ನೀರು ತರ್ತಾಳ, ಕೂಸು ಹಿಡೀತಾಳ. ಅಕಿ ಯಾವಾಗ ಆಡ್ಬೇಕು, ನೀವೇ ಹೇಳ್ರಿ."

ಗುರುಲಿಂಗ ಹಾಳೆ ಮಡಚಿಕೊಂಡ.

ಬಸವೇಶ್ವರಿಯನ್ನು ಬೈದು ಪ್ರಯೋಜನವಿರಲಿಲ್ಲ. ಅವಳಾದರೂ ಕೂಸನ್ನು ಎಲ್ಲಿ ಬಿಡಬೇಕು? ಕೂಲಿಕಾರ ತಾಯಂದಿರಿಗೆಂದು ಊರಲ್ಲೊಂದು 'ಕೂಸಿನ ಮನೆ' ಇತ್ತು. ಉದ್ಘಾಟನೆಯ ಮರುವಾರದಿಂದ ಅದಕ್ಕೆ ಕೀಲಿ. ಒಳಗೆ ಪಂಚಾಯತಿಯ ಪೈಪು, ಸಿಮೆಂಟಿನ ಚೀಲ. ಗೌಸಿಯಾಬೇಗಂ ಇಪ್ಪತ್ತೆರಡು ಹೆಂಗಸರ ಸಹಿ, ಹೆಬ್ಬೆಟ್ಟು ಹಾಕಿಸಿ ಆಳಂದಕ್ಕೆ ಅರ್ಜಿ ಒಯ್ದಳು.

ಬಸ್ ಸ್ಟ್ಯಾಂಡಿಗೆ ಬಂದ ಶರಫುದ್ದೀನ, "ಆಪಾ, ನಿನಗ್ಯಾಕ ಬೇಕು ಈ ಉಸಾಬರಿ? ಇದ್ದ ಕೆಲಸ ಹೋದೀತು," ಎಂದ.

"ನೀ ಓದಿದ್ದು ನನ್ನ ಪಾಲಿನ ಶಾಲಿನೂ ಕೂಡಿ. ಅರ್ಜಿ ಎಲ್ಲಿ ಕೊಡ್ಬೇಕು, ಅಷ್ಟು ತೋರ್ಸು."

ಅವನು ತಾಲೂಕು ಪಂಚಾಯತಿ ಕಚೇರಿಯ ಕಡೆ ಮುಂದೆ ನಡೆದ.

ನಾಲ್ಕು ಸಲ ಅಲೆದರೂ ಕೀಲಿ ತೆರೆಯಲಿಲ್ಲ. ಕೊನೆಗೆ ಹೆಂಗಸರೆಲ್ಲ ಒಂದು ದಿನದ ಕೂಲಿ ಬಿಟ್ಟು, ಕೂಸುಗಳನ್ನು ಎತ್ತಿಕೊಂಡು ಪಂಚಾಯತಿ ಕಟ್ಟೆಯ ಮೇಲೆ ಕುಳಿತರು. ಕೂಸುಗಳ ಅಳು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಊಟದ ಹೊತ್ತಿಗೆ ಕೂಸಿನ ಮನೆಯ ಕೀಲಿ ತೆರೆಯಿತು, ಸಿಮೆಂಟಿನ ಚೀಲಗಳು ಹೊರಬಿದ್ದವು.

ಮನೀಷಾ ಮರುವಾರ ಶಾಲೆಗೆ ಬಂದಳು. ಅಷ್ಟರಲ್ಲಿ ಎರಡು ತಿಂಗಳ ಪಾಠ ಹೋಗಿತ್ತು. ಬೆಳಗಿನ ನೀರು ಇನ್ನೂ ಅವಳ ಪಾಲಿಗೇ. ಗೌಸಿಯಾಬೇಗಂ ಅದಕ್ಕೂ ಬಸವೇಶ್ವರಿಯ ಬಾಗಿಲಿಗೆ ಹೋಗಿ, "ಹುಡುಗನ ಕೈಗೇನ್ ಆಗ್ಯಾದ? ಅವನ ಕೈಗೂ ಕೊಡ ಕೊಡಬೇ," ಎಂದಳು. ಹೋದ ವಾರ ಅವನು ಒಂದು ಕೊಡ ನೀರು ತಂದ. ಓಣಿಯವರೆಲ್ಲ ಎಂಥ ಶಾಣ್ಯಾ ಮಗ ಎಂದು ಹೊಗಳಿದರು. ಅದನ್ನು ಕೇಳಿ ಗೌಸಿಯಾಬೇಗಂಳ ಸಿಟ್ಟು ಇನ್ನಷ್ಟು ಹೆಚ್ಚಿತು.